ಕಡಲಿಗೆ ಪಹಣಿ ಇಲ್ಲ

(ಪಕ್ಷದ ಕಚೇರಿಯಲ್ಲಿ ಸೇರಿದ್ದ ಕಾರ್ಮಿಕರ ಮತ್ತು ಸಣ್ಣ ವರ್ತಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಘಟ್ಟದ ಮೇಲಿನ ನಮ್ಮ ಊರಿಗೂ ಕಡಲಿಗೂ ಏನು ಸಂಬಂಧವೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಸಂತೆಯಲ್ಲಿ ಬಂಗುಡೆಗೆ ಚೌಕಾಸಿ ಮಾಡುವಾಗ, ಮಳೆಗಾಲಕ್ಕೆಂದು ಒಣಮೀನು ಕಟ್ಟಿಡುವಾಗ ಆ ಸಂಬಂಧವನ್ನು ನಾವು ಆಗಲೇ ಒಪ್ಪಿಕೊಂಡಾಗಿದೆ. ಅದಕ್ಕಿಂತ ಹತ್ತಿರದ ಇನ್ನೊಂದು ಸಂಬಂಧವೂ ಇದೆ. ಅದನ್ನು ತಿಳಿಯಬೇಕಾದರೆ ಮೊದಲು ನಮ್ಮ ಸಂತೆಯನ್ನೇ ನೋಡೋಣ.

ಸಂತೆಯಲ್ಲಿ ಬಳೆಯವನು ಕೂರುವ ಜಾಗ ಯಾವುದು, ಮೆಣಸಿನಕಾಯಿಯವಳು ಕೂರುವ ಜಾಗ ಯಾವುದು ಎಂಬುದು ಊರಿಗೆಲ್ಲ ಗೊತ್ತು. ಅದಕ್ಕೆ ಪತ್ರವಿಲ್ಲ, ರಿಜಿಸ್ಟರಿಲ್ಲ. ಒಂದು ವಾರ ಬರಲಿಲ್ಲವೆಂದು ಪಕ್ಕದವನು ಆ ಜಾಗ ನುಂಗುವುದಿಲ್ಲ. ನುಂಗಿದರೆ ನಾಲ್ಕು ಜನ ಕೇಳುತ್ತಾರೆ. ಗಂಜಿನಲ್ಲಿ ಹಮಾಲರಿಗೆ ಸರದಿ ಇದೆ. ಲಾರಿ ಬಂತೆಂದು ಬಲವಿದ್ದವನು ನುಗ್ಗಿ ಮೂಟೆ ಹೊರುವಂತಿಲ್ಲ. ಇವೆಲ್ಲ ಹಕ್ಕುಗಳೇ. ಬರೆದಿಟ್ಟವುಗಳಲ್ಲ, ನಡೆದುಬಂದವುಗಳು. ಪುರಸಭೆಯವರು ಒಂದು ಬೆಳಗ್ಗೆ ಬಂದು, ಈ ಜಾಗ ನಿನ್ನದೆಂಬುದಕ್ಕೆ ಕಾಗದ ತೋರಿಸು ಎಂದಾಗಲೇ ಅದು ಹಕ್ಕಾಗಿತ್ತೆಂದು ನಮಗೆ ಹೊಳೆಯುವುದು. ಬೀದಿ ವ್ಯಾಪಾರಿಗಳು ಎಷ್ಟೋ ವರ್ಷ ಹೋರಾಡಿದ ಮೇಲೆ 2014ರಲ್ಲಿ ಅವರಿಗೊಂದು ಕಾಯಿದೆ ಬಂತು. ಕಡಲಿನವರಿಗೆ ಅಂಥದು ಇನ್ನೂ ಬಂದಿಲ್ಲ. ನಾವು ಇವತ್ತು ಮಾತಾಡುವುದು ಅದರ ಬಗ್ಗೆ.

ನಮ್ಮ ರಾಜ್ಯಕ್ಕೆ 300 ಕಿಲೋಮೀಟರಿಗೂ ಮಿಕ್ಕ ಕರಾವಳಿ ಇದೆ. ಉಳ್ಳಾಲ, ಮಲ್ಪೆ, ಗಂಗೊಳ್ಳಿಯಿಂದ ಹಿಡಿದು ಭಟ್ಕಳ, ಹೊನ್ನಾವರ, ಕಾರವಾರದವರೆಗೆ ಮೊಗವೀರರು, ಖಾರ್ವಿಗಳು, ಹರಿಕಂತ್ರರು, ಅಂಬಿಗರು, ಗಾಬಿತರು ಮುಂತಾದ ಹಲವು ಪಂಗಡದವರು ಕಡಲ ಮೇಲೆ ಬದುಕಿದ್ದಾರೆ. ಘಟ್ಟದ ಮೇಲೆ ನಿಂತು ನೋಡುವವರಿಗೆ ಕಡಲೆಂದರೆ ಬರೀ ನೀರು, ಯಾರು ಬೇಕಾದರೂ ಹೋಗಿ ಬಲೆ ಬೀಸಬಹುದಾದ ಬಯಲು. ದಡದವರಿಗೆ ಹಾಗಲ್ಲ. ಬಂಡೆ ಎಲ್ಲಿದೆ, ಕೆಸರು ಎಲ್ಲಿದೆ, ಯಾವ ತಿಂಗಳು ಯಾವ ಮೀನು ಯಾವ ಕಡೆಯಿಂದ ಬರುತ್ತದೆ, ಯಾವ ಊರಿನ ಮುಂದೆ ಯಾರು ಬಲೆ ಎಳೆಯಬೇಕು, ಒಬ್ಬನ ಬಲೆಯಿಂದ ಎಷ್ಟು ದೂರದಲ್ಲಿ ಇನ್ನೊಬ್ಬ ನಿಲ್ಲಬೇಕು ಎಂಬುದಕ್ಕೆಲ್ಲ ಲೆಕ್ಕವಿದೆ. ಜಗಳವಾದರೆ ಗುರಿಕಾರರು ಕೂತು ತೀರ್ಮಾನ ಹೇಳುತ್ತಿದ್ದರು. ಕಾಸರಗೋಡಿನ ಕಡೆ, ಉತ್ತರ ಕೇರಳದ ಕಡಲೂರುಗಳಲ್ಲಿ, ಇದಕ್ಕೆ ಕಡಕ್ಕೋಡಿ ಎಂಬ ಹೆಸರೇ ಇತ್ತು. ಕಡಲಿನ ಕೋರ್ಟು ಎನ್ನಿ. ದೇವಸ್ಥಾನದ ಅಂಗಳದಲ್ಲಿ ಸೇರುತ್ತಿತ್ತು, ದಂಡ ಹಾಕುತ್ತಿತ್ತು, ಇಂಥ ಬಲೆ ಬೇಡ ಎಂದು ಕಟ್ಟು ಮಾಡುತ್ತಿತ್ತು.

ಈ ಪದ್ಧತಿಗಳಲ್ಲಿ ನಮ್ಮ ಕರಾವಳಿಯ ರಂಪಣಿಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ದುಡಿಯುವವರು ಕೂಡಿ ನಡೆಸಿದ ಸಂಸ್ಥೆಯೆಂದರೆ ಏನೆಂದು ಪುಸ್ತಕ ನೋಡಿ ಕಲಿಯುವ ನಮಗೆ ಅದು ಕಣ್ಣೆದುರಿನ ಉದಾಹರಣೆ.

ರಂಪಣಿ ಎಂದರೆ ದಡಕ್ಕೆ ಎಳೆಯುವ ಮಹಾಬಲೆ. ಉದ್ದ ಒಂದು ಕಿಲೋಮೀಟರಿಗೂ ಮೀರಿರುತ್ತಿತ್ತು. ನೈಲಾನು ಬರುವ ಮುಂಚೆ ಅದನ್ನು ಸೆಣಬಿನ ನೂಲು, ಹತ್ತಿ ನೂಲಿನಲ್ಲಿ ಹೆಣೆಯುತ್ತಿದ್ದರು. ನೂಲಿನ ಮಿಲ್ಲಿನ ಸಂಗಾತಿಗಳಿಗೆ ಅಂಥ ಬಲೆಯ ತೂಕ ಎಷ್ಟೆಂದು ನಾವು ಹೇಳಬೇಕಾಗಿಲ್ಲ. ಅಷ್ಟು ದೊಡ್ಡ ಬಲೆಯನ್ನು ಒಬ್ಬ ಬೆಸ್ತ ಮಾಡಿಸಲಾರ, ಮಾಡಿಸಿದರೂ ಎಳೆಯಲಾರ. ಆದುದರಿಂದ ಮನೆಮನೆಯವರು ತಮ್ಮ ತಮ್ಮ ಬಲೆಯ ತುಂಡು ತಂದು ಸೇರಿಸಿ ಒಂದು ಬಲೆ ಮಾಡುತ್ತಿದ್ದರು. ಹತ್ತಾರು ಮನೆ ಸೇರಿ ಒಂದು ರಂಪಣಿ ಕೂಟ. ಮಳೆಗಾಲ ಕಳೆದು ಬಂಗುಡೆ, ಬೂತಾಯಿ ಹಿಂಡು ದಡಕ್ಕೆ ಬಂದಾಗ ದೋಣಿಯಲ್ಲಿ ಬಲೆ ಒಯ್ದು ಹಿಂಡನ್ನು ಸುತ್ತುವರಿಯುವುದು. ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತವರು ಎಳೆಯುವುದು. ಹಂಚಿಕೆಯಲ್ಲಿ ಬಲೆಯ ತುಂಡಿಗೆ ಪಾಲು, ದೋಣಿಗೆ ಪಾಲು, ಮೈದುಡಿಮೆಗೆ ಪಾಲು, ದೇವರಿಗೆ ಪಾಲು. ಹಗ್ಗಕ್ಕೆ ಕೈ ಹಚ್ಚಿದ ಬಡವನೂ ಬರಿಗೈಯಲ್ಲಿ ಮನೆಗೆ ಹೋಗುತ್ತಿರಲಿಲ್ಲ. ಊರಿಂದೂರಿಗೆ ಲೆಕ್ಕದಲ್ಲಿ ಹೆಚ್ಚುಕಡಿಮೆ ಇತ್ತು, ತತ್ವ ಒಂದೇ.

ಇದರಲ್ಲಿ ಇನ್ನೊಂದು ಜಾಣತನವಿತ್ತು, ವ್ಯಾಪಾರಸ್ಥರು ಗಮನಿಸಬೇಕು. ಸುತ್ತುವರಿದ ಮೀನನ್ನು ಒಂದೇ ಸಲಕ್ಕೆ ದಡಕ್ಕೆ ಎಳೆದುಹಾಕುತ್ತಿರಲಿಲ್ಲ. ಬಲೆಯ ಒಳಗೆ ನೀರಿನಲ್ಲೇ ಜೀವಂತ ಇಟ್ಟುಕೊಂಡು, ಪೇಟೆಗೆ ಬೇಕಾದಷ್ಟನ್ನು ಸಣ್ಣ ಬಲೆಯಿಂದ ತೆಗೆಯುತ್ತಿದ್ದರು. ದೊಡ್ಡ ಹಿಂಡು ಸಿಕ್ಕರೆ ಹಲವು ದಿನ ಹೀಗೆ ನಡೆಯುವುದುಂಟು. ಐಸು ಇಲ್ಲ, ಕೋಲ್ಡ್ ಸ್ಟೋರೇಜಿಲ್ಲ; ಕಡಲೇ ಉಗ್ರಾಣ. ಮಾಲು ಒಮ್ಮೆಲೇ ಬಂದು ದರ ಬಿದ್ದಾಗ ದಲ್ಲಾಳಿ ಹೇಳಿದ ಬೆಲೆಗೆ ಕೊಡಬೇಕಾದ ಸಂಕಟವನ್ನು ಈರುಳ್ಳಿ, ಟೊಮೇಟೊ ಬೆಳೆದ ರೈತನನ್ನು ಕೇಳಿ ನೋಡಿ.

ಈ ರಂಪಣಿಯನ್ನು ಮುಗಿಸಿದ್ದು ಬರಗಾಲವಲ್ಲ, ಬಿರುಗಾಳಿಯಲ್ಲ. ಮೊದಲು ಬಂದದ್ದು ಟ್ರಾಲ್ ಬೋಟು. 1953ರಲ್ಲಿ ಕೇರಳದ ನೀಂಡಕರದಲ್ಲಿ ನಾರ್ವೆ ದೇಶದ ನೆರವಿನಿಂದ ಶುರುವಾದ ಯೋಜನೆಯ ಉದ್ದೇಶ ಬಡ ಬೆಸ್ತರ ಏಳಿಗೆಯೆಂದೇ ಇತ್ತು. ಹೊರದೇಶದಲ್ಲಿ ಸಿಗಡಿಗೆ ಬೆಲೆ ಬಂದದ್ದೇ ತಡ, ಏಳಿಗೆ ಹಿಂದೆ ಬಿತ್ತು, ರಫ್ತು ಮುಂದೆ ಬಂತು. ಮೀನು ಹಿಡಿಯದ ಹಣದವರೂ ಬೋಟು ಮಾಡಿಸಿದರು. ನಮ್ಮ ಕರಾವಳಿಗೆ 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟು ಬಂತು. ಕಡಲ ನಡುವೆಯೇ ಹಿಂಡನ್ನು ಸುತ್ತಿ, ಬಲೆಯ ತಳವನ್ನು ಚೀಲದ ಬಾಯಿಯಂತೆ ಬಿಗಿದು ಎತ್ತುವ ಯಂತ್ರದೋಣಿ. ಸರ್ಕಾರ ಪ್ರೋತ್ಸಾಹ ಕೊಟ್ಟಿತು, ಬ್ಯಾಂಕು ಸಾಲ ಕೊಟ್ಟಿತು. ದಡಕ್ಕೆ ಬರಬೇಕಾದ ಬಂಗುಡೆ, ಬೂತಾಯಿ ದಾರಿಯಲ್ಲೇ ಬೇರೆಯವರ ಪಾಲಾಯಿತು. ದಡದಲ್ಲಿ ಹಗ್ಗ ಹಿಡಿದು ಕಾದವರು ಕಾದೇ ಉಳಿದರು. ಗಲಾಟೆಗಳಾದವು, ಮೊರೆಗಳಾದವು. ಕೆಲವೇ ವರ್ಷಗಳಲ್ಲಿ ಮಹಾರಂಪಣಿಗಳು ಮೂಲೆ ಸೇರಿದವು. ಇವತ್ತು ಉಳಿದಿರುವುದು ಅಲ್ಲಲ್ಲಿ ಕೈರಂಪಣಿ, ಪಾತಿ ದೋಣಿ, ನಾಡದೋಣಿ.

ಯಂತ್ರ ಬರಬಾರದಿತ್ತೆಂದು ನಾವು ಹೇಳುವುದಿಲ್ಲ. ಮಗ್ಗದವನ ಮಗ ಮಿಲ್ಲಿಗೆ ಬಂದ ಊರಿನಲ್ಲಿ ನಿಂತು ಆ ಮಾತು ಆಡಿದರೆ ಯಾರು ಕೇಳುತ್ತಾರೆ? ನಾಡದೋಣಿಯವರೂ ಇವತ್ತು ಮೋಟಾರು ಕಟ್ಟಿಕೊಂಡೇ ಹೋಗುತ್ತಾರೆ. ಪ್ರಶ್ನೆ ಯಂತ್ರದ್ದಲ್ಲ, ಆ ಯಂತ್ರ ಯಾರ ನೀರಿಗೆ, ಯಾರನ್ನು ಕೇಳಿ ಇಳಿಯಿತು ಎಂಬುದು. ಹೊಲಕ್ಕೆ ಟ್ರ್ಯಾಕ್ಟರು ತರುವವನು ಹೊಲದ ಒಡೆಯನನ್ನು ಕೇಳಬೇಕು. ಕಡಲಿಗೆ ಬೋಟು ತಂದವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಕಡಲಿಗೆ ಪಹಣಿ ಇಲ್ಲವಲ್ಲ!

ಕಾನೂನಿನ ಕಥೆಯೂ ಇಷ್ಟೇ. ಇಂಗ್ಲಿಷರ ಕಾಲದಿಂದ ಕೋರ್ಟುಗಳು ಹಿಡಿದು ಬಂದ ತತ್ವವೇನೆಂದರೆ, ಕಡಲಿನಲ್ಲಿ ಮೀನು ಹಿಡಿಯುವ ಹಕ್ಕು ಸಾರ್ವಜನಿಕರದು, ಎಲ್ಲರಿಗೂ ಸಮ. 1876ರಲ್ಲಿ ಮುಂಬಯಿ ಹೈಕೋರ್ಟಿನ ಮುಂದೆ, ಕಡಲಿನಲ್ಲಿ ಗೂಟ ನೆಟ್ಟು ಬಲೆ ಕಟ್ಟುವ ಬೆಸ್ತರ ನಡುವಣ ವ್ಯಾಜ್ಯವೊಂದು ಬಂತು. ಆ ತೀರ್ಪಿನಲ್ಲಿ ಕೋರ್ಟು ಒಂದು ಒಳ್ಳೆಯ ಮಾತನ್ನೂ ಸೇರಿಸಿತು: ಈ ಸಮಾನ ಹಕ್ಕನ್ನು ನ್ಯಾಯವಾಗಿ, ಇನ್ನೊಬ್ಬರ ಅಂಥದೇ ಹಕ್ಕಿಗೆ ಅಡ್ಡಿಯಾಗದಂತೆ ನಡೆಸಿಕೊಳ್ಳತಕ್ಕದ್ದು ಎಂದು. ಗೂಟಕ್ಕೂ ಗೂಟಕ್ಕೂ ಜಗಳವಿದ್ದ ಕಾಲಕ್ಕೆ ಆ ಮಾತು ಸಾಕಾಗಿತ್ತು. ಹುಟ್ಟು ಹಾಕುವವನಿಗೂ ನೂರಾರು ಕುದುರೆಶಕ್ತಿಯ ಇಂಜಿನು ಇದ್ದವನಿಗೂ ಸಮಾನ ಹಕ್ಕು ಎಂದಾಗ ಅದು ಯಾರ ಹಕ್ಕಾಗುತ್ತದೆಂದು ಬಿಡಿಸಿ ಹೇಳಬೇಕೆ? ಮಿಲ್ಲಿನ ಮಾಲೀಕನಿಗೂ ಬದ್ಲಿ ಕೆಲಸಗಾರನಿಗೂ ಕರಾರು ಮಾಡಿಕೊಳ್ಳುವ ಸ್ವಾತಂತ್ರ್ಯ ಸಮವೆಂದು ಹೇಳುವ ವಕೀಲರನ್ನು ನಾವು ನೋಡಿಲ್ಲವೇ?

ನಮ್ಮ ಸಂವಿಧಾನದಲ್ಲಿ ದಡದಿಂದ 12 ನಾಟಿಕಲ್ ಮೈಲಿಯವರೆಗಿನ ಮೀನುಗಾರಿಕೆ ರಾಜ್ಯದ ಅಧಿಕಾರ, ಅದರಾಚೆಯದು ಕೇಂದ್ರದ್ದು. ದಡದ ಬೆಸ್ತರ ಹೋರಾಟದ ಫಲವಾಗಿ ಗೋವಾ ಮತ್ತು ಕೇರಳ 1980ರಲ್ಲಿ ಕಾಯಿದೆ ಮಾಡಿದವು. ಗೋವಾದಲ್ಲಿ ಆ ಹೋರಾಟ ಹೂಡಿದವರು ರಾಂಪೊಣ್‌ಕಾರರು, ಅಂದರೆ ನಮ್ಮ ರಂಪಣಿಯವರ ಬಳಗವೇ. ಕರ್ನಾಟಕದ ಕಾಯಿದೆ 1986ರದು. ದಡದಿಂದ 6 ಕಿಲೋಮೀಟರಿನವರೆಗಿನ ನೀರನ್ನು ನಾಡದೋಣಿಯವರಿಗೆ ಮೀಸಲಿಟ್ಟಿದ್ದಾರೆ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟು ಇಳಿಯುವಂತಿಲ್ಲ. ರಾತ್ರಿ ಪ್ರಖರ ದೀಪ ಉರಿಸಿ ಮೀನನ್ನು ಸೆಳೆದು ಬಾಚುವುದನ್ನು, ಎರಡು ಬೋಟು ಜೊತೆಯಾಗಿ ಒಂದೇ ಬಲೆ ಎಳೆಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಕಾಗದದ ಮೇಲೆ ಇವೆಲ್ಲ ಚೆನ್ನಾಗಿವೆ. ನೀರಿನ ಮೇಲೆ 6 ಕಿಲೋಮೀಟರಿನ ಗೆರೆ ಯಾರಿಗೆ ಕಾಣುತ್ತದೆ? ಕಾಯುವ ದೋಣಿಗಳು ಕಡಿಮೆ, ಕಾಯಿದೆ ಮುರಿದು ಬರುವ ಲಾಭ ದಂಡಕ್ಕಿಂತ ಹೆಚ್ಚು. ದೀಪದ ಮೀನುಗಾರಿಕೆ ನಿಲ್ಲಿಸಿರೆಂದು ನಾಡದೋಣಿಯವರು ನಿಷೇಧವಾದ ಮೇಲೂ ಬೀದಿಗೆ ಬಂದಿದ್ದಾರೆ.

ಇನ್ನೊಂದು ಸೂಕ್ಷ್ಮ. ಈ ಕಾಯಿದೆಗಳು ದೊಡ್ಡ ಬೋಟಿಗೆ ‘ಇಲ್ಲಿ ಬರಬೇಡ’ ಎನ್ನುತ್ತವೆ. ದಡದವನಿಗೆ ‘ಇದು ನಿನ್ನದು’ ಎನ್ನುವುದಿಲ್ಲ. ಕಾಡಿನ ವಿಷಯದಲ್ಲಿ 2006ರ ಅರಣ್ಯ ಹಕ್ಕು ಕಾಯಿದೆ ಹಾಗೆ ಹೇಳಿತು. ಅಲ್ಲಿ ಕೆರೆತೊರೆಯ ಮೀನಿನ ಮೇಲಿನ ಸಮುದಾಯದ ಹಕ್ಕೂ ಸೇರಿದೆ. ಕಡಲಿಗೆ ಅಂಥ ಕಾಯಿದೆ ಇಲ್ಲ.

ಹಾಗಾದರೆ ಕಾಗೋಡಿನ ಘೋಷಣೆಯನ್ನೇ ಕಡಲಿಗೂ ತೆಗೆದುಕೊಂಡು ಹೋಗೋಣವೇ? 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಲೋಹಿಯಾ ಅವರು ಬಂದು ಸೆರೆಮನೆ ಸೇರಿದರು. ಉಳುವವನೇ ಹೊಲದೊಡೆಯ ಎಂಬುದು 1974ರ ತಿದ್ದುಪಡಿಯಲ್ಲಿ ಕಾನೂನಾಯಿತು. ಅದು ನಮ್ಮ ಹೆಮ್ಮೆ. ಆದರೆ ಹೊಲಕ್ಕೆ ಬದುವಿದೆ, ಮೀನಿಗೆ ಬದುವಿಲ್ಲ. ಇಂದು ಮಲ್ಪೆಯ ಮುಂದಿದ್ದ ಹಿಂಡು ನಾಳೆ ಗಂಗೊಳ್ಳಿಯ ಮುಂದಿರುತ್ತದೆ. ಕಡಲನ್ನು ತುಂಡುತುಂಡು ಮಾಡಿ ತಲೆಗೊಂದು ಪಟ್ಟಾ ಕೊಟ್ಟರೆ, ಬರಗಾಲದ ವರ್ಷ ಅದು ಸಾಲಗಾರನ ಕೈ ಸೇರುತ್ತದೆ. ಸರ್ಕಾರವೇ ಒಡೆಯನಾಗಲಿ ಎಂದರೆ, ಒಡೆಯನಾದ ಸರ್ಕಾರ ಏನು ಮಾಡುತ್ತದೆಂಬುದನ್ನು 1991ರಲ್ಲಿ ನೋಡಿದ್ದೇವೆ. ಆಳ ಸಮುದ್ರವನ್ನು ಹೊರದೇಶದ ಕಂಪನಿಗಳ ಜಂಟಿ ಹಡಗುಗಳಿಗೆ ತೆರೆಯಿತು. ದೇಶದ ಬೆಸ್ತರೆಲ್ಲ ಒಂದಾಗಿ ಮುಷ್ಕರ ಹೂಡಿದ ಮೇಲೆ ಮುರಾರಿ ಸಮಿತಿ ಕೂತು, 1996ರಲ್ಲಿ ವರದಿ ಕೊಟ್ಟು, ಆ ನೀತಿ ಹಿಂದಕ್ಕೆ ಹೋಯಿತು.

ಕಡಲಿನಲ್ಲಿ ಒಡೆತನವೆಂದರೆ ಸರದಿ ಮತ್ತು ಕಟ್ಟುಪಾಡು. ಅದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇವೆ. ತುರ್ಕಿ ದೇಶದ ಆಲಾನ್ಯ ಎಂಬ ಊರಿನಲ್ಲಿ ನೂರರಷ್ಟು ಬೆಸ್ತರಿದ್ದರು. ಇಬ್ಬರು ಮೂವರು ಹೋಗುವ ಸಣ್ಣ ದೋಣಿಗಳು. 1970ರ ಸುಮಾರಿಗೆ ಒಳ್ಳೆಯ ಜಾಗಕ್ಕಾಗಿ ಅವರಲ್ಲಿ ಹೊಡೆದಾಟವೇ ಆಗುತ್ತಿತ್ತು. ಆಗ ಅವರೇ ಕೂತು ಒಂದು ಏರ್ಪಾಡು ಮಾಡಿಕೊಂಡರು. ಪ್ರತಿ ಸೆಪ್ಟೆಂಬರಿನಲ್ಲಿ ಬೆಸ್ತರ ಪಟ್ಟಿ ಮಾಡುವುದು, ಬಲೆ ಹಾಕುವ ಜಾಗಗಳ ಪಟ್ಟಿ ಮಾಡುವುದು. ಒಂದು ಬಲೆ ಇನ್ನೊಂದಕ್ಕೆ ಹೋಗುವ ಮೀನನ್ನು ತಡೆಯದಷ್ಟು ಅಂತರ ಜಾಗಗಳ ನಡುವೆ ಇರಬೇಕು. ಚೀಟಿ ಎತ್ತಿ ಯಾರಿಗೆ ಯಾವ ಜಾಗವೆಂದು ಗೊತ್ತು ಮಾಡುವುದು. ಜನವರಿಯವರೆಗೆ ಪ್ರತಿಯೊಬ್ಬನೂ ದಿನಕ್ಕೊಂದು ಜಾಗ ಪೂರ್ವಕ್ಕೆ ಸರಿಯುತ್ತಾನೆ; ಜನವರಿಯಿಂದ ಮೇ ತನಕ ಪಶ್ಚಿಮಕ್ಕೆ. ಹೀಗೆ ಒಳ್ಳೆಯ ಜಾಗವೂ ಕೆಟ್ಟ ಜಾಗವೂ ಎಲ್ಲರ ಪಾಲಿಗೂ ಬರುತ್ತದೆ. ಕಾವಲುಗಾರ ಬೇಡ; ಇವತ್ತು ತನ್ನ ಸರದಿಯ ಒಳ್ಳೆಯ ಜಾಗವಿದ್ದವನು ತಾನೇ ಮುಂಜಾನೆ ಹೋಗಿ ಕಾಯುತ್ತಾನೆ. ತಕರಾರು ಬಂದರೆ ಕಾಫಿ ಅಂಗಡಿಯಲ್ಲಿ ತೀರುತ್ತದೆ. ಇಂಥ ಏರ್ಪಾಡುಗಳನ್ನು ದೇಶದೇಶಗಳಿಂದ ಕಲೆಹಾಕಿ ಅಭ್ಯಾಸ ಮಾಡಿದ ಎಲಿನರ್ ಆಸ್ಟ್ರಂ ಎಂಬ ವಿದ್ವಾಂಸೆಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಬಂತು. ನಮ್ಮ ಗಂಜಿನ ಹಮಾಲರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಜಪಾನಿನವರು ಇದನ್ನು ಕಾಯಿದೆಯಲ್ಲೇ ತಂದರು. ದಡದ ನೀರು ದಡದ ಹಳ್ಳಿಯದು, ಆಚೆಯ ನೀರು ಎಲ್ಲರದು ಎಂಬುದು ಅವರ ಹಳೆಯ ಕಾಲದ ರೂಢಿ. 1901ರಲ್ಲಿ ಅದು ಕಾನೂನಾಯಿತು. ಯುದ್ಧದ ನಂತರ 1949ರ ಕಾಯಿದೆಯಲ್ಲಿ ದಡದ ಹಕ್ಕು ದುಡಿಯುವ ಬೆಸ್ತರ ಸಹಕಾರ ಸಂಘಗಳ ಕೈಗೆ ಬಂತು. 2018ರಲ್ಲಿ ಆ ಕಾಯಿದೆಯನ್ನೂ ತಿದ್ದಿ, ಮೀನು ಸಾಕಣೆಯ ಹಕ್ಕಿನಲ್ಲಿ ಸಂಘಗಳಿಗಿದ್ದ ಮೊದಲ ಮನ್ನಣೆಯನ್ನು ಸಡಿಲಿಸಿ ಕಂಪನಿಗಳಿಗೆ ದಾರಿ ಮಾಡಿದರು. ಬರೆದ ಹಕ್ಕಿಗೂ ಕಾವಲು ಬೇಕು.

ಇಷ್ಟು ಹೇಳಿ ರೂಢಿಯನ್ನು ದೇವರ ಕೋಣೆಯಲ್ಲಿ ಇಟ್ಟು ಪೂಜೆ ಮಾಡಲು ನಾವು ಬಂದಿಲ್ಲ. ಕಡಲಿನ ರೂಢಿಯಲ್ಲಿ ಜಾತಿಯ ಗೋಡೆ ಇದೆ. ತಮಿಳುನಾಡಿನ ಪುಲಿಕಾಟ್ ಸರೋವರದಲ್ಲಿ ಪಾಡು ಎಂಬ ಸರದಿ ಪದ್ಧತಿಯಿದೆ. ಚೀಟಿ ಎತ್ತುವುದು, ಜಾಗ ಬದಲಾಯಿಸುವುದು, ಎಲ್ಲ ಆಲಾನ್ಯದಂತೆಯೇ ಚೆಂದ. ಆದರೆ ಸರದಿಯ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಇಂಥ ಊರಿನ ಇಂಥ ಜಾತಿಯಲ್ಲಿ ಹುಟ್ಟಿರಬೇಕು. ಅದೇ ನೀರಿನ ಮೇಲೆ ಬದುಕುವ ಬೇರೆ ಬಡವರು ಹೊರಗೆ. ಹೆಂಗಸರ ಮಾತು ಇನ್ನೂ ಬೇರೆ. ಮೀನು ದಡಕ್ಕೆ ಬಿದ್ದ ಮೇಲೆ ಹೊರುವವಳು, ಉಪ್ಪು ಹಚ್ಚುವವಳು, ಮರಳಿನ ಮೇಲೆ ಒಣಗಿಸುವವಳು, ಬುಟ್ಟಿ ಹೊತ್ತು ಮಾರುವವಳು ಅವಳೇ. ಕಡಲ ನ್ಯಾಯ ಹೇಳುವ ಕೂಟದಲ್ಲಿ ಮಾತ್ರ ಅವಳಿಗೆ ಜಾಗವಿರಲಿಲ್ಲ. ನಮ್ಮ ಯೂನಿಯನ್ನಿನ ಕಮಿಟಿಯಲ್ಲಿ ಎಷ್ಟು ಮಂದಿ ಹೆಂಗಸರಿದ್ದಾರೆಂದು ಯಾರಾದರೂ ಈಗ ಎದ್ದು ಕೇಳಿದರೆ ನಮಗೂ ಕಷ್ಟವೇ.

ಯಂತ್ರದ ಬೋಟಿನ ವಿಷಯದಲ್ಲೂ ಒಂದು ಎಚ್ಚರ ಬೇಕು. ಬೋಟಿನ ಮಾಲೀಕ ಬೇರೆ, ಬೋಟಿನಲ್ಲಿ ದುಡಿಯುವವನು ಬೇರೆ. ನಮ್ಮ ಬಂದರುಗಳ ಬೋಟುಗಳಲ್ಲಿ ಉತ್ತರ ಕನ್ನಡದ ಹುಡುಗರಿದ್ದಾರೆ, ಆಂಧ್ರ, ಒಡಿಶಾ, ಜಾರ್ಖಂಡಿನಿಂದ ಬಂದವರಿದ್ದಾರೆ. ದಿನಗಟ್ಟಲೆ ನೀರಿನ ಮೇಲಿರುತ್ತಾರೆ. ನಾಡದೋಣಿಯವನಿಗೆ ಅವನು ವೈರಿಯೆಂದು ಹೇಳಿ ಇಬ್ಬರು ಬಡವರನ್ನು ಕಾದಾಡಿಸುವುದು ಮಾಲೀಕನಿಗೆ ಅನುಕೂಲ.

ಈಗ ಗಂಡಾಂತರ ನೀರಿನ ಮೇಲಷ್ಟೇ ಅಲ್ಲ, ಮರಳಿನ ಮೇಲೂ ಬಂದಿದೆ. ದೋಣಿ ಎಳೆದಿಡುವ, ಬಲೆ ಹರಡುವ, ಮೀನು ಒಣಗಿಸುವ ದಡಕ್ಕೂ ಪಹಣಿ ಇಲ್ಲ. ಕಾಗದದಲ್ಲಿ ಅದು ಸರ್ಕಾರಿ ಖಾಲಿ ಜಾಗ. 1991ರಲ್ಲಿ ಬಂದ ಕರಾವಳಿ ನಿಯಂತ್ರಣದ ಅಧಿಸೂಚನೆ ದಡದ ಕಟ್ಟಡಗಳಿಗೆ ಒಂದು ಮಿತಿ ಹಾಕಿತ್ತು. 2019ರ ಅಧಿಸೂಚನೆಯಲ್ಲಿ, ಜನ ದಟ್ಟವಾಗಿರುವ ಹಳ್ಳಿಗಾಡಿನಲ್ಲಿ ಕಟ್ಟಡ ನಿಷೇಧದ ಅಂತರವನ್ನು 200 ಮೀಟರಿನಿಂದ 50ಕ್ಕೆ ಇಳಿಸಿದರು. ರೆಸಾರ್ಟಿನವರಿಗೆ ಹಬ್ಬ. 2020ರ ಜನವರಿಯಲ್ಲಿ ಕಾರವಾರದ ಬೆಸ್ತರು ಬಂದರು ವಿಸ್ತರಣೆಯ ವಿರುದ್ಧ ಎದ್ದರು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಒಣಮೀನಿನ ಹೆಂಗಸರೂ ಗಂಡಸರೂ ಖಾಸಗಿ ಬಂದರಿನ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದಾರೆ; ಪೊಲೀಸರ ಕಾವಲಿನಲ್ಲಿ ಅಲ್ಲಿ ರಸ್ತೆ ಕೆಲಸ ನಡೆದದ್ದನ್ನು ನಾಡೆಲ್ಲ ನೋಡಿತು. ಅವರ ಮರಳಿನ ಮೇಲೆ ಒಣಗಿದ ಮೀನು ಘಟ್ಟ ಹತ್ತಿ ಬರುವುದು ನಮ್ಮಂಥ ಊರುಗಳ ಸಂತೆಗೇ.

ಪಕ್ಷ ಕೇಳಬೇಕಾದದ್ದೇನೆಂದು ಚುಟುಕಾಗಿ ಹೇಳುತ್ತೇವೆ. ಕಾಡಿನವರಿಗೆ 2006ರಲ್ಲಿ ಬಂದಂಥ ಹಕ್ಕಿನ ಕಾಯಿದೆ ಕಡಲಿನವರಿಗೆ ಬೇಕು. ಹಕ್ಕು ವ್ಯಕ್ತಿಗಲ್ಲ, ದಡದ ಊರಿನ ದುಡಿಯುವವರ ಸಂಘಕ್ಕೆ. ಅದನ್ನು ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ. ಸಂಘದಲ್ಲಿ ಜಾತಿ ಕೇಳಕೂಡದು, ಹೆಂಗಸರ ಹೆಸರು ಇರತಕ್ಕದ್ದು. ಮೀನು ಒಣಗಿಸುವ ದಡ ಊರಿನ ದಾಖಲೆಯಲ್ಲಿ ಸೇರಬೇಕು. 6 ಕಿಲೋಮೀಟರಿನ ಗೆರೆ ಕಾಯುವ ಕೆಲಸದಲ್ಲಿ ನಾಡದೋಣಿಯವರಿಗೂ ಅಧಿಕಾರ ಬೇಕು. ಬೋಟಿನ ಕೂಲಿಕಾರರಿಗೆ ಲಿಖಿತ ಕರಾರು, ವಿಮೆ ಬೇಕು. ಸಣ್ಣ ಮೀನುಗಾರರ ಹಕ್ಕಿನ ಬಗ್ಗೆ 2014ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಒಪ್ಪಿದ ಮಾರ್ಗಸೂಚಿ ಇದೆ. ಆಳುವವರು ಅದನ್ನು ಒಮ್ಮೆ ಓದಿದರೆ ನಮ್ಮ ಬೇಡಿಕೆ ಅಷ್ಟೇನೂ ಹೊಸದಲ್ಲವೆಂದು ತಿಳಿಯುತ್ತದೆ.

ಕಡಲಿನವರಿಗೆ ಹಕ್ಕು ಕೊಟ್ಟರೆ ಮೀನಿನ ಬೆಲೆ ಏರುವುದಿಲ್ಲವೇ ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ, ಕೂಲಿಯಲ್ಲಿ ಬದುಕುವವನು ಕೇಳಲೇಬೇಕು. ಇವತ್ತು ದೊಡ್ಡ ಬೋಟುಗಳು ಬಾಚಿ ತರುವುದರಲ್ಲಿ ಇನ್ನೂ ಬೆಳೆಯಬೇಕಾದ ಮರಿಮೀನು ರಾಶಿರಾಶಿ ಇರುತ್ತದೆ. ಅದು ಮನುಷ್ಯರ ತಟ್ಟೆಗೆ ಬರುವುದಿಲ್ಲ. ಪುಡಿ ಮಾಡುವ ಕಾರ್ಖಾನೆಗೆ ಹೋಗಿ ಕೋಳಿಗೂ ಸಿಗಡಿ ಹೊಂಡಕ್ಕೂ ಮೇವಾಗುತ್ತದೆ. ಬೂತಾಯಿಯ ಪಾಡೂ ಬಹಳ ಮಟ್ಟಿಗೆ ಅದೇ. ಆ ಮರಿ ಬೆಳೆದು ದಡಕ್ಕೆ ಬಂದಿದ್ದರೆ ಬಡವನ ಬುಟ್ಟಿಗೆ ಎಷ್ಟು ಬಂಗುಡೆ ಹೆಚ್ಚು ಬರುತ್ತಿತ್ತೆಂದು ಲೆಕ್ಕ ಹಾಕಿ ನೋಡಿ. ಬೆಲೆ ಏರಿಸುತ್ತಿರುವವರು ಹಗ್ಗ ಎಳೆಯುವವರಲ್ಲ.

ಕರಾವಳಿಯ ಸಂಗಾತಿಗಳ ಮನವಿಪತ್ರದ ಪ್ರತಿಗಳು ಮೇಜಿನ ಮೇಲಿವೆ. ಸಹಿ ಮಾಡುವವರು ಮಿಲ್ಲಿನ ಪಾಳಿಯನ್ನೂ ಅಂಗಡಿಯ ಹೆಸರನ್ನೂ ಬರೆಯಿರಿ. ಘಟ್ಟದ ಮೇಲಿನವರೂ ಕೇಳುತ್ತಿದ್ದಾರೆಂದು ಅವರಿಗೆ ಗೊತ್ತಾಗಲಿ. ಒಣಮೀನು ಮಾರುವ ವರ್ತಕರು ಹೊರಡುವ ಮುಂಚೆ ಐದು ನಿಮಿಷ ಕೂತಿರಬೇಕು. ಟೊಂಕದ ಹೆಂಗಸರಿಂದ ದಲ್ಲಾಳಿಯಿಲ್ಲದೆ ನೇರವಾಗಿ ಮಾಲು ತರಿಸುವ ವಿಚಾರ ಮಾತಾಡುವುದಿದೆ.